ಹೂಂಗುಟ್ಟುವ ಬೊಂಬೆ

ನಾನು ಒಂದು ಮರದ ಬೊಂಬೆ. ಊರು ಚನ್ನಪಟ್ಟಣ. ತಲೆಗೆ ಕೆಂಪು ಪೇಟ, ಮೈಗೆ ಹಳದಿ ಕೋಟು, ಮೂಗಿನ ಕೆಳಗೆ ಕಪ್ಪು ಬಣ್ಣದಲ್ಲಿ ಎಳೆದ ಗಿರಿಜಾ ಮೀಸೆ. ಮೀಸೆ ನೋಡಿದವರು ನನ್ನನ್ನು ಧೈರ್ಯವಂತ ಎಂದುಕೊಳ್ಳುತ್ತಾರೆ. ಅದು ಕುಂಚ ಹಿಡಿದವರ ಕೈಚಳಕ. ಒಳಗಿರುವ ಮರ ಹುಟ್ಟು ಪುಕ್ಕಲು.

ಹುಟ್ಟಿದ್ದೇ ಹೆದರಿಕೆಯಲ್ಲಿ. ಆಲೆ ಮರದ ತುಂಡಾಗಿ ಖಲಂದರ್ ಸಾಬರ ಜಗಲಿಯ ಮೇಲೆ ಒಣಗುತ್ತಾ ಬಿದ್ದಿದ್ದೆ. ಒಂದು ಬೆಳಿಗ್ಗೆ ಎತ್ತಿ ಯಂತ್ರಕ್ಕೆ ಸಿಕ್ಕಿಸಿದರು. ಲೋಕವೆಲ್ಲ ಗಿರ್ರನೆ ತಿರುಗಿತು. ಉಳಿ ತಾಗಿದ ಕಡೆಯೆಲ್ಲ ಸುರುಳಿ ಸುರುಳಿಯಾಗಿ ಕಳಚಿ ಬಿದ್ದೆ. ಉಳಿದ ಮೈಗೆ ಅರಗಿನ ಕಡ್ಡಿ ಒತ್ತಿದರು, ಅದು ಬಿಸಿಗೆ ಕರಗಿ ಚರ್ಮದ ಹಾಗೆ ಹತ್ತಿಕೊಂಡಿತು. ಕೊನೆಗೆ ತಲೆಯನ್ನೂ ಮೈಯನ್ನೂ ಒಂದು ಸ್ಪ್ರಿಂಗಿನಿಂದ ಜೋಡಿಸಿ ಬೆರಳಲ್ಲಿ ತಟ್ಟಿದರು. ತಲೆ ಮುಂದಕ್ಕೂ ಹಿಂದಕ್ಕೂ ಆಡಿತು.

"ನೋಡೇ, ಇವ್ನು ಏನ್ ಕೇಳಿದ್ರೂ ಹೂಂ ಅಂತಾನೆ, ನಿನ್ ಥರ ಅಲ್ಲ" ಎಂದು ಸಾಬರು ಹೆಂಡತಿಗೆ ತೋರಿಸಿದರು.

"ಹಂಗಾದ್ರೆ ರಾತ್ರಿ ರೊಟ್ಟಿ ಅವನ್ ಹತ್ರಾನೇ ಕೇಳಿ" ಎಂದರು ಆಕೆ, ತಿರುಗಿಯೂ ನೋಡದೆ.

ನನ್ನ ಹಣೆಬರಹ ಅಂದೇ ತೀರ್ಮಾನವಾಯಿತು. ಆ ಸ್ಪ್ರಿಂಗು ಅಡ್ಡಕ್ಕೆ ಆಡುವುದಿಲ್ಲ. ಗಾಳಿ ಬೀಸಿದರೂ ಹೂಂ, ಮೇಜು ಅಲುಗಿದರೂ ಹೂಂ. ಬೇಡ ಎನ್ನಲು ಬಾರದವನ ಭಯ ಏನೆಂದು ಅನುಭವಿಸಿದವರಿಗೇ ಗೊತ್ತು.

ಹೆದ್ದಾರಿಯ ಬದಿಯ ಅಂಗಡಿಯಲ್ಲಿ ಕೆಲವು ಕಾಲ ಲಾರಿಗಳ ಸದ್ದಿಗೆಲ್ಲ ಹೂಂಗುಟ್ಟುತ್ತಾ ನಿಂತಿದ್ದೆ. ಅಲ್ಲಿಂದ ನನ್ನನ್ನು ಕೊಂಡವರು ಆಲ್ಬರ್ಟ್ ಸಲ್ಡಾನ ಎಂಬ ಮಂಗಳೂರಿನವರು. ಮೈಸೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಅವರಿಗೆ ಕೆಲಸ. ಮಕ್ಕಳಿಗೆ ಕೊಡುತ್ತಾರೆ, ಮಕ್ಕಳು ಕತ್ತು ಮುರಿಯುತ್ತಾರೆ ಎಂದು ದಾರಿಯುದ್ದಕ್ಕೂ ನಡುಗಿದೆ. ಅವರು ನನ್ನನ್ನು ಆಫೀಸಿನ ಮೇಜಿನ ಮೇಲೆ, ಕೀಬೋರ್ಡಿನ ಪಕ್ಕದಲ್ಲಿ ನಿಲ್ಲಿಸಿದರು. ಆಮೇಲೆ ಮುಖ ಹತ್ತಿರ ತಂದು ನನ್ನೊಡನೆ ಮಾತಾಡತೊಡಗಿದರು.

"ನೋಡು ಮಾರಾಯಾ, ಗಿರಾಕಿಯ ಹೆಸರು ಇಲ್ಲಿಂದ ಬಂತು. ಇಲ್ಲಿ ಅದಕ್ಕೊಂದು ನಂಬರ್ ಕೊಟ್ಟದ್ದು. ನಂಬರ್ ತಗೊಂಡು ಅದು ಸೀದಾ ಆಚೆ ಹೋಗುದು... ಅಲ್ಲ, ಹೋಗುದಿಲ್ಲ. ಎಂತ ಸಾವು! ನಾನೇ ದಾರಿ ಬಂದ್ ಮಾಡಿ ಇಟ್ಟಿದ್ದೇನೆ!"

ಇವರಿಗೆ ತಲೆ ಕೆಟ್ಟಿದೆ ಎಂದೇ ನಾನು ಹೆದರಿದ್ದು. ಕ್ರಮೇಣ ಗೊತ್ತಾಯಿತು, ಅದು ಆ ಕಸುಬಿನವರ ಪದ್ಧತಿಯಂತೆ. ಬರೆದ ಪ್ರೋಗ್ರಾಂ ಎಲ್ಲೋ ಕೆಟ್ಟು, ಎಲ್ಲಿ ಎಂದು ತಿಳಿಯದಾದಾಗ ಒಂದು ಬೊಂಬೆಯನ್ನು ಎದುರಿಗಿಟ್ಟುಕೊಂಡು ಒಂದೊಂದೇ ಸಾಲನ್ನು ಬಾಯಿಬಿಟ್ಟು ವಿವರಿಸುತ್ತಾರೆ. ಹೊರದೇಶದಲ್ಲಿ ಇದಕ್ಕೆ ರಬ್ಬರ್ ಬಾತುಕೋಳಿ ಇಟ್ಟುಕೊಳ್ಳುತ್ತಾರೆಂದು ಆಲ್ಬರ್ಟ್ ಒಮ್ಮೆ ಯಾರಿಗೋ ಹೇಳಿದ್ದರು. ವಿವರಿಸುತ್ತಾ ಹೋದ ಹಾಗೆ ಅರ್ಧದಲ್ಲಿ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. ಕೇಳುವವನಿಗೆ ಬುದ್ಧಿ ಇರಬೇಕೆಂದೇನಿಲ್ಲ, ಎದ್ದು ಹೋಗದಿದ್ದರೆ ಸಾಕು. ಅಂಥ ಕೆಲಸಕ್ಕೆ ನಾನು ಹೇಳಿ ಮಾಡಿಸಿದವನು.

ಅವರದು ಹಿಂಬದಿಯ ಕೆಲಸ. ಜನ ಫೋನಿನಲ್ಲಿ ನೋಡುವ ಬಣ್ಣಬಣ್ಣದ ಪರದೆಗಳನ್ನು ಮಾಡುವವರು ಬೇರೆ. ಪರದೆಯಲ್ಲಿ ಒಂದು ಗುಂಡಿ ಒತ್ತಿದರೆ ಹಿಂದೆ ಏನಾಗಬೇಕೋ ಅದನ್ನು ನೋಡಿಕೊಳ್ಳುವವರು ಇವರು. ಎಲ್ಲ ಸರಿಯಿದ್ದರೆ ಇವರಿದ್ದಾರೆಂದೇ ಯಾರಿಗೂ ತಿಳಿಯುವುದಿಲ್ಲ. ಕೆಟ್ಟಾಗ ಮಾತ್ರ ಎಲ್ಲರ ಬಾಯಲ್ಲೂ ಇವರದೇ ಹೆಸರು.

ಆ ಹೊತ್ತಿಗೆ ಹೊಸದಾಗಿ ಸೇರಿದವಳು ಪೂರ್ಣಿಮಾ, ಮೈಸೂರಿನವಳೇ. ಕೆಲಸಕ್ಕೆ ಬಂದ ಮೊದಲ ವಾರವೇ, ಪ್ರಯೋಗಕ್ಕೆಂದು ಇಟ್ಟದ್ದು ಎಂದುಕೊಂಡು ನಿಜವಾದ ಗಿರಾಕಿಗಳ ಮಾಹಿತಿಯನ್ನು ಅಳಿಸಿಬಿಟ್ಟಳು. ಮುಖ ಸುಣ್ಣದ ಹಾಗೆ ಬಿಳುಚಿತು. ಆಲ್ಬರ್ಟ್ ಇಟ್ಟಿದ್ದ ಪ್ರತಿಯಿಂದ ಸಂಜೆಯೊಳಗೆ ಎಲ್ಲ ವಾಪಸು ಬಂತು. ಆದರೆ ಆ ಭಯ ಅವಳ ಬೆರಳಿನ ತುದಿಯಲ್ಲಿ ಮನೆ ಮಾಡಿಕೊಂಡಿತು. ಯಾವ ಗುಂಡಿ ಒತ್ತುವ ಮೊದಲೂ ಬೆರಳು ಗಾಳಿಯಲ್ಲಿ ಒಂದು ಕ್ಷಣ ನಿಲ್ಲುತ್ತಿತ್ತು. ಕೆಳಗಿನಿಂದ ನೋಡುವ ನನಗೆ ಅದು ಚೆನ್ನಾಗಿ ಕಾಣುತ್ತಿತ್ತು. ನನ್ನ ಜಾತಿಯವಳು ಎನಿಸಿ ಅವಳ ಮೇಲೆ ಅಕ್ಕರೆ ಬಂತು.

ಆಲ್ಬರ್ಟ್ ಕೆಲಸ ಬಿಟ್ಟು ಊರಿಗೆ ಹೊರಟ ದಿನ ನನ್ನನ್ನು ಅವಳ ಮೇಜಿನ ಮೇಲಿಟ್ಟರು. "ಇವನ ಹತ್ತಿರ ಮಾತಾಡು ಪೂರ್ಣಿಮಾ. ಇವ ಯಾರಿಗೂ ಹೇಳುದಿಲ್ಲ. ಒಂದೇ ತೊಂದರೆ, ಎಲ್ಲದಕ್ಕೂ ಹೂಂ ಅಂತಾನೆ. ಅಷ್ಟು ಜಾಗ್ರತೆ."

ಅವಳ ಕೈಯಲ್ಲಿ ನನ್ನ ಆಯುಷ್ಯದ ಬಹುಪಾಲು ಕಳೆಯಿತು. ಕೆಲಸದಲ್ಲಿ ಅವಳು ಮೇಲಕ್ಕೇರಿದಳು, ಕೈಕೆಳಗೆ ಜನ ಬಂದರು. ಬಿಡುವಿನಲ್ಲಿ ತನ್ನದೇ ಒಂದು ಸಣ್ಣ ಪ್ರೋಗ್ರಾಂ ಬರೆದಳು. ಅದರ ಹೆಸರು 'ಸರದಿ'. ಫೋನಿನಿಂದಲೋ ಕಂಪ್ಯೂಟರಿನಿಂದಲೋ ಒಂದೇ ಸಲ ನೂರಾರು ಜನ ಬಂದು ಬಾಗಿಲು ಬಡಿದರೆ ಅವರನ್ನು ಸಾಲಾಗಿ ನಿಲ್ಲಿಸಿ, ಗುರುತು ನೋಡಿ, ಒಬ್ಬೊಬ್ಬರನ್ನೇ ಒಳಗೆ ಬಿಡುವ ಕೆಲಸ ಅದರದು. ಬರೆದದ್ದನ್ನು ಬಚ್ಚಿಡದೆ ಎಲ್ಲರಿಗೂ ತೆರೆದಿಟ್ಟಳು. ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಿ ಕಳಿಸಬಹುದು. ಓಪನ್ ಸೋರ್ಸ್ ಎನ್ನುತ್ತಾರೆ. ನೋಡನೋಡುತ್ತಾ ಎಲ್ಲೆಲ್ಲೋ ದೇಶಗಳ ಆಸ್ಪತ್ರೆಗಳು, ಬಸ್ ಟಿಕೆಟಿನವರು, ಕೊನೆಗೆ ಅವಳ ಕಂಪನಿಯವರೂ ಸರದಿಯನ್ನು ಬಳಸತೊಡಗಿದರು. ಮುಖ ಕಾಣದ ಜನರಿಂದ ದಿನವೂ ಸಂದೇಶ ಬರುತ್ತಿತ್ತು. ಕೆಲವರು ನಮಸ್ಕಾರ ಹೇಳುತ್ತಿದ್ದರು, ಬಹಳ ಜನ ಬೈಯುತ್ತಿದ್ದರು.

ಕೊರೊನಾ ಬಂದು ಆಫೀಸು ಮುಚ್ಚಿದಾಗ ನನ್ನನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದಳು. ಮನೆಯಲ್ಲಿದ್ದವರು ಅವಳ ದೊಡ್ಡಮ್ಮ ಪುಟ್ಟಗೌರಮ್ಮ ಒಬ್ಬರೇ. ಒದ್ದೆ ಬಟ್ಟೆ ಹಿಡಿದು ಸಿಕ್ಕಿದ್ದನ್ನೆಲ್ಲ ಒರೆಸುವ ಹೆಂಗಸು, ನನ್ನ ಬಲಗಡೆಯ ಮೀಸೆ ಮಾಸಿದ್ದು ಅವರಿಂದಲೇ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ನೆಲದ ಮೇಲೆ ಚೌಕಾಬಾರದ ಮಣೆ ಹಾಸಿ ಕೂರುತ್ತಿದ್ದರು. ಪೂರ್ಣಿಮಾಳಿಗೆ ಆ ಆಟದ ಹುಚ್ಚು. ಊರೂರಿನ ಹಳೆಯ ಮಣೆಗಳ ಚಿತ್ರ ಬರೆದು ಗೋಡೆಗೆ ಅಂಟಿಸಿಕೊಂಡಿದ್ದಳು. ಕವಡೆ ಎಸೆಯುವಾಗ ಮಾತ್ರ ಅವಳ ಬೆರಳು ಹೆದರುತ್ತಿರಲಿಲ್ಲ.

"ಬಿಟ್ಟಿ ಕೆಲ್ಸ ಮಾಡ್ಕೊಟ್ಟೂ ಬೈಸ್ಕೋತೀಯಲ್ಲೇ. ಎಂಥಾ ಚಾಕರಿ ಅಂತ ಹಿಡಿದಿದ್ದೀಯೋ!" ಎಂದು ದೊಡ್ಡಮ್ಮ ರೇಗಿಸುತ್ತಿದ್ದರು.

"ಎಲ್ರೂ ಬೈಯಲ್ಲ ದೊಡ್ಡಮ್ಮ. ಎಲಿಯಾಸ್ ಅಂತ ಒಬ್ಬ ಇದಾನೆ. ನಿನ್ ಮಂಡಿನೋವು ಹೇಗಿದೆ ಅಂತ ವಿಚಾರಿಸ್ದ ಇವತ್ತು."

"ಹೌದೇನೇ! ಸ್ವಂತ ತಂಗಿ ಮಗ ಕೇಳಲ್ಲ. ಎಲ್ಲಿಯವ್ನಂತೆ?"

"ಗೊತ್ತಿಲ್ಲ. ಎಲ್ಲೋ ಹೊರಗಡೆ."

ಎಲಿಯಾಸ್ ಬಂದದ್ದು ಹೀಗೆ. ಮೊದಲು ಸಣ್ಣಪುಟ್ಟ ತಿದ್ದುಪಡಿ ಕಳಿಸಿದ. ಆಮೇಲೆ ದೊಡ್ಡ ದೊಡ್ಡ ದುರಸ್ತಿಗಳನ್ನೇ ಮಾಡಿಕೊಟ್ಟ. ಕೆಲಸ ಅಚ್ಚುಕಟ್ಟು, ಮಾತು ಮೃದು. ಯುಗಾದಿಗೆ ಶುಭಾಶಯ ಹೇಳಿದ. ಪೂರ್ಣಿಮಾಳಿಗೆ ಸೊಂಟ ಹಿಡಿದುಕೊಂಡಾಗ ಯಾವ ಕುರ್ಚಿ ಒಳ್ಳೆಯದೆಂದು ಬರೆದ. ಅದೇ ಕಾಲಕ್ಕೆ ಹೊಸ ಹೊಸ ಹೆಸರಿನವರು ಅವಳನ್ನು ಜೋರಾಗಿ ಬೈಯತೊಡಗಿದರು. ಕೆಲಸ ನಿಧಾನ, ನಿನ್ನ ಕೈಲಾಗದಿದ್ದರೆ ಬೇರೆಯವರಿಗೆ ಬಿಡು ಎಂದು ಒಂದೇ ಪಾಠ. ಅವಳು ಓದಿ ಓದಿ ಸೊರಗಿದಳು. ಎಲಿಯಾಸ್ ಸಮಾಧಾನ ಹೇಳುತ್ತಿದ್ದ, ಬೇಕಾದರೆ ಭಾರವನ್ನು ನಾನು ಹೊರುತ್ತೇನೆ ಎನ್ನುತ್ತಿದ್ದ.

ಬೊಂಬೆಯ ಕಣ್ಣಿಗೆ ರೆಪ್ಪೆಯಿಲ್ಲ, ಹಾಗಾಗಿ ಒಂದು ವಿಷಯವನ್ನು ನಾನು ನೋಡದೆ ಇರಲಾಗಲಿಲ್ಲ. ಪೂರ್ಣಿಮಾ ತಾನು ಬರೆದ ಪ್ರತಿ ಸಾಲನ್ನೂ ನನಗೆ ಓದಿ ಹೇಳುತ್ತಿದ್ದಳು. ಬೇರೆಯವರು ಕಳಿಸಿದ್ದನ್ನೂ ಹೇಳುತ್ತಿದ್ದಳು. ಎಲಿಯಾಸ್ ಕಳಿಸಿದ್ದನ್ನು ಮಾತ್ರ ಬರಬರುತ್ತಾ ಹೇಳುವುದನ್ನು ಬಿಟ್ಟಳು. "ಇವನದು ಸರಿಯಾಗೇ ಇರತ್ತೆ ಬಿಡು" ಎಂದು ಒಪ್ಪಿಗೆಯ ಗುಂಡಿ ಒತ್ತುತ್ತಿದ್ದಳು. ಅವನ ವಿಷಯದಲ್ಲಿ ಬೆರಳು ಗಾಳಿಯಲ್ಲಿ ನಿಲ್ಲುತ್ತಲೂ ಇರಲಿಲ್ಲ. ಜೀವಮಾನವೆಲ್ಲ ಹೆದರಿದವಳು ಒಬ್ಬನ ಮುಂದೆ ಹೆದರುವುದನ್ನು ಬಿಟ್ಟಳಲ್ಲ ಎಂದು ನನಗೆ ಎದೆ ನಡುಗಿತು. ನಡುಗಿದರೆ ನನ್ನ ತಲೆ ಆಡುತ್ತದೆ. ಅವಳು ಅದನ್ನು ನೋಡಿ, "ನಿನಗೂ ಅವನು ಇಷ್ಟ, ಅಲ್ವಾ?" ಎಂದು ನಕ್ಕಳು.

ಒಂದು ಭಾನುವಾರ ಸರದಿಯ ಕೀಲಿಯನ್ನು ಅವನಿಗೆ ಒಪ್ಪಿಸುವುದೆಂದು ತೀರ್ಮಾನವಾಯಿತು. ಕೀಲಿ ಎಂದರೆ ಕೈಯಲ್ಲಿ ಹಿಡಿಯುವಂಥದ್ದಲ್ಲ, ಅಧಿಕಾರ. ಅದಿದ್ದವನು ಏನು ಹೊರಗೆ ಬಿಡುತ್ತಾನೋ ಅದನ್ನೇ ಲೋಕವೆಲ್ಲ ಸರದಿ ಎಂದು ಒಪ್ಪಿಕೊಳ್ಳುತ್ತದೆ.

"ಅಷ್ಟು ಒಳ್ಳೇ ಹುಡುಗ ತಾನಾಗೇ ಹೊರ್ತೀನಿ ಅಂದ್ರೆ ಕೊಟ್ಟು ಕೈ ತೊಳ್ಕೊಳೇ" ಎಂದರು ದೊಡ್ಡಮ್ಮ, ಮಣೆ ಹಾಸುತ್ತಾ. "ಬೇಗ ಮುಗ್ಸಿ ಬಾ. ನಿನ್ನ ಕಾಯಿ ಹೊಡೆಯೋದಿದೆ."

ಪೂರ್ಣಿಮಾ ಮೇಜಿನ ಮುಂದೆ ಕುಳಿತಳು. ಕೊಡುವ ಮೊದಲು ಒಂದು ಸಲ ಇಡೀ ಮನೆ ಸುತ್ತಿ ನೋಡೋಣ ಎಂದು, ಸರದಿಯ ಒಂದೊಂದು ಭಾಗವೂ ಯಾಕಿದೆ ಎಂದು ನನಗೆ ಹೇಳಲು ಶುರು ಮಾಡಿದಳು. ಮಗಳನ್ನು ಗಂಡನ ಮನೆಗೆ ಕಳಿಸುವಾಗಿನ ದನಿ ಅದು. ಇದು ಬಾಗಿಲು, ಇದು ಸಾಲು, ಇದು ಗುರುತು ನೋಡುವವನು. ಸಲೀಸಾಗಿ ಹೋಯಿತು. ಆಮೇಲೆ ಎಲಿಯಾಸ್ ಬರೆದ ಭಾಗ ಬಂತು.

"ಇವು ಮಾದರಿಗಳು ಕಣೋ. ಪ್ರೋಗ್ರಾಂ ಸರಿಯಾಗಿದೆಯಾ ಅಂತ ನೋಡೋಕೆ ಸುಳ್ಳು ಹೆಸರು, ಸುಳ್ಳು ನಂಬರು ತುಂಬಿಟ್ಟಿರ್ತೀವಿ. ಇದನ್ನ ಯಾರೂ ಓದಲ್ಲ. ಇಲ್ಲೊಂದು ಸಾಲಿದೆ. ಇದು ಯಾಕಿದೆ ಅಂದ್ರೆ..."

ಮಾತು ಅಲ್ಲೇ ನಿಂತಿತು.

"ಇದು ಯಾಕಿದೆ ಅಂದ್ರೆ, ಆ ಮಾದರಿಯಿಂದ ಒಂದು ತುಂಡು ತಗೊಂಡು... ತಗೊಂಡು ಎಲ್ಲಿಗೆ ಹೋಗತ್ತೆ?"

ಫ್ಯಾನು ತಿರುಗುತ್ತಿತ್ತು. ನಾನು ಹೂಂ ಹೂಂ ಎನ್ನುತ್ತಿದ್ದೆ. ಅವಳ ಬೆರಳುಗಳು ಹುಡುಕಿದವು, ಬಿಚ್ಚಿದವು, ಮತ್ತೆ ಹುಡುಕಿದವು. ಒಳಗಿನಿಂದ ದೊಡ್ಡಮ್ಮ ಕರೆದರು. ಅವಳಿಗೆ ಕೇಳಿಸಲಿಲ್ಲ.

ಕೊನೆಗೆ ತೀರಾ ಸಣ್ಣ ದನಿಯಲ್ಲಿ ಹೇಳಿದಳು. "ಗುರುತು ನೋಡೋವ್ನ ಜಾಗಕ್ಕೆ ಹೋಗತ್ತೆ. ಒಂದು ಗುಟ್ಟಿನ ಮಾತು ಹೇಳಿದವನು ಸಾಲಲ್ಲಿ ನಿಲ್ಲೋದೇ ಬೇಡ, ಗುರುತೂ ಬೇಡ. ಸೀದಾ ಒಳಗೆ. ಕಳ್ಳಬಾಗಿಲು ಕಣೋ ಇದು. ನಾನೇ ಒಪ್ಪಿಗೆ ಒತ್ತಿದೀನಿ. ಮೊನ್ನೆ ಹೊರಗೆ ಬಿಟ್ಟ ಹೊಸ ಆವೃತ್ತಿಯಲ್ಲೂ ಇದು ಹೋಗಿದೆ."

ಆಸ್ಪತ್ರೆಗಳ ಬಾಗಿಲು. ಬಸ್ಸಿನವರ ಬಾಗಿಲು. ಅವಳಿಗೆ ಅನ್ನ ಕೊಡುವ ಕಂಪನಿಯ ಬಾಗಿಲು.

ಆಗಲೇ ಪರದೆಯ ಮೂಲೆಯಲ್ಲಿ ಟಿಂಗ್ ಎಂದಿತು. ಎಲಿಯಾಸ್. ಅವಳು ಅಭ್ಯಾಸಬಲದಿಂದ ಜೋರಾಗಿ ಓದಿದಳು. ಇವತ್ತು ಕೊಡುತ್ತೀರಲ್ಲವೇ, ಅವಸರವಿಲ್ಲ, ಸೊಂಟ ನೋಡಿಕೊಳ್ಳಿ, ದೊಡ್ಡಮ್ಮನವರ ಮಂಡಿ ಹೇಗಿದೆ?

ಉಳಿಯ ಬಾಯಿಗೆ ಸಿಕ್ಕಾಗಲೂ ನನಗೆ ಅಂಥ ಹೆದರಿಕೆ ಆಗಿರಲಿಲ್ಲ. ಕತ್ತಿ ತೋರಿಸುವವನನ್ನು ಕಂಡರೆ ಓಡಬಹುದು. ಇವನು ನೋವು ವಿಚಾರಿಸುತ್ತಾನೆ! ಅವಳು ಎದ್ದು ಹೋಗಿ ಮನೆಯ ಮುಂಬಾಗಿಲ ಚಿಲಕ ಹಾಕಿ ಬಂದಳು, ಅವನು ಬೀದಿಯಲ್ಲೇ ನಿಂತಿದ್ದಾನೋ ಎಂಬ ಹಾಗೆ. ಕಿಟಕಿಯನ್ನೂ ಮುಚ್ಚಿದಳು.

ಬಂದು ಕುಳಿತು ನನ್ನ ಮುಖವನ್ನೇ ನೋಡಿದಳು. "ಸುಮ್ನೆ ತೆಗೆದುಬಿಡ್ಲಾ? ಸಣ್ಣ ರಿಪೇರಿ ಅಂತ ಹೇಳಿ ಹೊಸದು ಬಿಟ್ರೆ ಯಾರಿಗೂ ಗೊತ್ತಾಗಲ್ಲ. ಅವನಿಗೂ ಕೀಲಿ ಕೊಡಲ್ಲ. ಮುಗೀತು. ಅಲ್ವಾ?"

ಹೂಂ ಎಂದೆ. ಫ್ಯಾನಿನ ಗಾಳಿಗೆ ಹೂಂ, ಮೇಜಿನ ಮೇಲೆ ನಡುಗುವ ಅವಳ ಮೊಣಕೈಗೆ ಹೂಂ. ಒಳಗಿನಿಂದ ಬೇಡ ಬೇಡ ಎಂದು ಎಷ್ಟು ಕೂಗಿದರೂ ತಲೆ ಮಾತ್ರ ಹೌದು ಹೌದು ಎನ್ನುತ್ತಿತ್ತು. ಆ ಒಂದು ಗಳಿಗೆಯಲ್ಲಿ ನನ್ನನ್ನು ಮಾಡಿದ ಕೈಯನ್ನೂ ಶಪಿಸಿದೆ.

ಅವಳು ಆಲ್ಬರ್ಟ್‌ಗೆ ಫೋನ್ ಮಾಡಿದಳು. ಎಲ್ಲ ಹೇಳಿದಳು.

"ಪೂರ್ಣಿಮಾ, ಬಾಗಿಲು ನೀನು ಮುಚ್ಚಬಹುದು" ಎಂದರು ಅವರು. "ಆದರೆ ಮೊನ್ನೆಯಿಂದ ಈಗಿನವರೆಗೆ ಆ ಬಾಗಿಲಿನಲ್ಲಿ ಯಾರೆಲ್ಲ ಹೊಕ್ಕಿದ್ದಾರೆ ಅಂತ ನಿನಗೆ ಗೊತ್ತುಂಟಾ? ಆ ಆಸ್ಪತ್ರೆಯವರಿಗೆ ಗೊತ್ತುಂಟಾ? ಅವರು ಹುಡುಕಬೇಕಾದರೆ ಯಾರಾದ್ರೂ ಹೇಳ್ಬೇಕಲ್ಲ?"

"ನನ್ನ ಹೆಸರು ಹೋಗತ್ತೆ ಆಲ್ಬರ್ಟ್. ಕೆಲಸಾನೂ ಹೋಗಬಹುದು."

"ಹೋಗಬಹುದು" ಎಂದರು ಅವರು. "ಹೋಗುದಿಲ್ಲ ಅಂತ ನಾನು ಸುಳ್ಳು ಹೇಳುದಿಲ್ಲ. ಇದರಲ್ಲಿ ಒತ್ತುವ ಬೆರಳು ನಿನ್ನದು ಮಾತ್ರ."

ಅವಳು ಫೋನ್ ಇಟ್ಟು ಎಲ್ಲರೂ ಓದುವ ಜಾಗದಲ್ಲಿ ಬರೆಯತೊಡಗಿದಳು. ಬರೆದದ್ದನ್ನು ನನಗೆ ಓದಿದಳು. 'ಸರದಿಯಲ್ಲಿ ಕಳ್ಳಬಾಗಿಲು ಇದೆ. ಅದನ್ನು ಓದದೆ ಒಪ್ಪಿದವಳು ನಾನು. ಇದನ್ನು ಬಳಸುವವರು ದಯವಿಟ್ಟು ಈಗಲೇ ತೆಗೆದುಹಾಕಿ, ಯಾರಾದರೂ ಒಳಗೆ ಬಂದಿದ್ದಾರೆಯೇ ನೋಡಿಕೊಳ್ಳಿ.' 'ಓದದೆ ಒಪ್ಪಿದವಳು' ಎಂಬ ಮಾತನ್ನು ಅಳಿಸಿದಳು. ಮತ್ತೆ ಬರೆದಳು. ಆಮೇಲೆ ಒತ್ತಿದಳು.

ದೊಡ್ಡಮ್ಮ ಕಾಫಿ ತಂದವರು ಅವಳ ಮುಖ ನೋಡಿ ಲೋಟ ಕೆಳಗಿಟ್ಟರು. ವಿಷಯ ಕೇಳಿ ಮೊದಲು ನಂಬಲಿಲ್ಲ. "ಅಯ್ಯೋ, ಅಷ್ಟು ಒಳ್ಳೆಯವ್ನು ಕಣೇ! ಕುರ್ಚಿ ಯಾವ್ದು ಅಂತ ಹೇಳಿದವ್ನು!" ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪರದೆಯ ಕಡೆ ಕೈ ತೋರಿಸಿ ಗದರಿದರು. "ನನ್ನ ಮಂಡಿ ವಿಷಯ ನಿನಗ್ಯಾಕೋ ಮುಠ್ಠಾಳ!"

ಪೂರ್ಣಿಮಾ ನಗಲು ಹೋಗಿ ಅತ್ತಳು.

ಆ ಸಂಜೆಯಿಂದ ಫೋನು ಬಾಯಿ ಮುಚ್ಚಲಿಲ್ಲ. ಜಗತ್ತಿನ ಮೂಲೆ ಮೂಲೆಗಳಲ್ಲಿ ಜನ ಸರದಿಯನ್ನು ಕಿತ್ತು ಹಾಕಿದರು. ಯಾವುದೋ ದೇಶದ ಒಂದು ಆಸ್ಪತ್ರೆಯವರು ಹುಡುಕಿ ನೋಡಿದಾಗ ಯಾರೋ ಆ ಬಾಗಿಲು ದೂಡಿ ನೋಡಿದ ಗುರುತು ಸಿಕ್ಕಿತಂತೆ. ಒಳಗೆ ಹೋಗುವಷ್ಟರಲ್ಲಿ ಇವಳ ಮಾತು ತಲುಪಿತ್ತು. ಅವಳ ಕಂಪನಿಯವರು ಕರೆದು ವಿಚಾರಣೆ ಮಾಡಿದರು, ಹಿರಿತನದಿಂದ ಕೆಳಗಿಳಿಸಿದರು, ಕೆಲಸದಿಂದ ತೆಗೆಯಲಿಲ್ಲ. ಬೈದವರು ಬೈದರು. ಎಲಿಯಾಸ್ ಮಾತ್ರ ಒಂದೇ ಒಂದು ಉತ್ತರವನ್ನೂ ಬರೆಯದೆ ಮಾಯವಾದ. ಅವಳನ್ನು ಬೈಯುತ್ತಿದ್ದ ಹೊಸ ಹೆಸರುಗಳೂ ಅದೇ ದಿನ ಮಾಯವಾದವು. ಅವರೆಲ್ಲ ಒಬ್ಬನೇ ಇದ್ದಿರಬಹುದು ಎಂದು ಹೊಳೆದಾಗ ಅವಳು ಊಟದ ತಟ್ಟೆಯ ಮುಂದೆ ಕುಳಿತವಳು ಎದ್ದುಬಿಟ್ಟಳು. ಯಾರು, ಎಲ್ಲಿಯವನು, ನಿಜವಾಗಿ ಎಲಿಯಾಸ್ ಎಂಬುವನು ಇದ್ದನೇ ಎಂದು ಇಂದಿಗೂ ತಿಳಿದಿಲ್ಲ. ತಿಳಿಯದವನ ಭಯ ತಿಳಿದವನ ಭಯಕ್ಕಿಂತ ಹೆಚ್ಚು ಬಾಳಿಕೆ ಬರುತ್ತದೆ.

ಈಗ ನನಗೆ ವಯಸ್ಸಾಯಿತು. ಕೋಟಿನ ಹಳದಿ ಬಿಳಿಚಿದೆ, ಸ್ಪ್ರಿಂಗು ತುಕ್ಕು ಹಿಡಿದು ಬಿಗಿಯಾಗಿದೆ. ದೊಡ್ಡಮ್ಮ ನನ್ನನ್ನು ಮೇಜಿನಿಂದ ತೆಗೆದು ದಸರಾ ಬೊಂಬೆಗಳ ಗಾಜಿನ ಬೀರುವಿಗೆ ಸೇರಿಸಿದ್ದಾರೆ. ಕೆಲಸವಿಲ್ಲ. ಸರದಿಗೆ ಈಗ ಮೂವರು ಕಾವಲು. ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ಬಾಯಿಬಿಟ್ಟು ವಿವರಿಸದ ಹೊರತು ಒಂದು ಸಾಲೂ ಒಳಗೆ ಹೋಗುವುದಿಲ್ಲ ಎಂದು ಕಟ್ಟಳೆ. ಕೇಳುವವರಿಗೆ ಬೇಡ ಎನ್ನಲು ಬರುತ್ತದೆ. ನನ್ನ ಜಾಗಕ್ಕೆ ಅಂಥವರು ಬಂದದ್ದೇ ಸರಿ.

ಮೊನ್ನೆ ಹೊಸಬರೊಬ್ಬರು ಒಂದು ತಿದ್ದುಪಡಿ ಕಳಿಸಿದ್ದರು. ರಾಯಚೂರಿನ ವೆಂಕೋಬರಾಯರು, ವಿದ್ಯುತ್ ಇಲಾಖೆಯಿಂದ ನಿವೃತ್ತರು. ಗಾಜಿನ ಹಿಂದೆ ನಿಂತ ನನಗೆ ಫೋನಿನಲ್ಲಿ ಅವರ ದನಿ ಕೇಳುತ್ತಿತ್ತು.

"ಆರಾಮದೀರೇನವಾ? ಮನ್ಯಾಗ ಎಲ್ಲಾರೂ ಚಲೋ ಅದಾರಿಲ್ಲೋ?"

ಪೂರ್ಣಿಮಾ ಬಿಸಿ ಬಾಣಲೆ ಮುಟ್ಟಿದವಳಂತೆ ಕೈ ಹಿಂದಕ್ಕೆ ಎಳೆದುಕೊಂಡಳು. "ಮನೆ ವಿಷಯ ಬೇಡ ಸರ್. ಕೋಡ್ ವಿಷಯ ಹೇಳಿ."

"ತಪ್ಪಾತೇನ್ರಿ? ನಮ್ಮ ಕಡೆ ಮೊದಲ ಹಂಗ ಕೇಳೂದು ರೂಢಿ ಐತಿ."

"ನಿಮ್ಮ ತಪ್ಪಲ್ಲ ಸರ್. ಹಿಂದೆ ಒಬ್ಬ ಹೀಗೇ ಕೇಳ್ತಿದ್ದ."

"ಓದೀನಿ ನೋಡ್ರಿ, ನೀವು ಬರ್ದದ್ದು. ಅದನ್ನ ಓದೇ ನಾ ಬಂದಿದ್ದು. ತನ್ನ ತಪ್ಪು ತಾನ ಊರಿಗೆಲ್ಲಾ ಸಾರಿದಾಕಿ ಕೂಡ ಕೆಲಸ ಮಾಡಬೇಕು ಅನ್ನಿಸ್ತು. ಹೇಳ್ತೀನಿ ಕೇಳ್ರಿ, ಮೊದಲನೇ ಸಾಲು ಯಾಕ ಐತಿ ಅಂದ್ರ..."

ಅವರು ಕೊನೆಯವರೆಗೂ ಹೇಳಿದರು. ಅವಳು ನಡುನಡುವೆ ತಡೆದು ಕೇಳಿದಳು. ಮುದುಕರಿಗೆ ಒಮ್ಮೆ ರೇಗಿತು, "ಏನವಾ, ಪೊಲೀಸರಕಿಂತ ಜಾಸ್ತಿ ಕೇಳ್ತಿ" ಎಂದರು. ಆದರೂ ಹೇಳಿದರು. ಎಲ್ಲ ಮುಗಿದ ಮೇಲೆ ಅವಳ ಬೆರಳು ಒಪ್ಪಿಗೆಯ ಗುಂಡಿಯ ಮೇಲೆ ಗಾಳಿಯಲ್ಲಿ ನಿಂತಿತು. ಅದು ನನಗೆ ಇಲ್ಲಿಂದಲೂ ಕಾಣುತ್ತಿತ್ತು. ಒತ್ತಿದಳು.

ಭಯ ಬಿಟ್ಟುಹೋಗುತ್ತದೆಂದು ನಾನು ನಂಬಿದವನಲ್ಲ. ಅದನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೆಲಸ ಮಾಡುವವರನ್ನು ಮಾತ್ರ ನೋಡಿದ್ದೇನೆ.

ಪೂರ್ಣಿಮಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಫೋನ್ ಇಡಲಿಲ್ಲ. ಈ ಸಲ ತಾನೇ ಕೇಳಿದಳು.

"ನಿಮ್ಮ ಮನೇಲಿ ಎಲ್ಲ ಚೆನ್ನಾಗಿದಾರಾ, ಸರ್?"

"ಹೂಂನವಾ" ಎಂದರು ರಾಯರು. "ಮೊಮ್ಮಗಳಿಗೆ ಮೊನ್ನೆ ಹಲ್ಲು ಬಂದಾವ. ಸಿಕ್ಕವರನ್ನೆಲ್ಲಾ ಕಡೀತಾಳ."